ಮಹದಾಯಿಯಲ್ಲಿ ಹುಟ್ಟು ಹಾಕಿದ ಅಪ್ಪ

ನವಲಗುಂದದಿಂದ ಅಪ್ಪ, ಅವ್ವ ಗೋವಾದ ವಾಸ್ಕೋಗೆ, ನನ್ನ ಮನೆಗೆ ಬಂದರೆ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತಿರುತ್ತದೆ. ಮಂಗೇಶಿ, ಶಾಂತಾದುರ್ಗಾ, ಸಂಜೆಗೆ ಯಾವುದಾದರೊಂದು ಬೀಚು. ಈ ಸಲ ಕಯಾಕಿಂಗ್‌ಗೆ, ಅಂದರೆ ಸಣ್ಣ ದೋಣಿಯಲ್ಲಿ ನಾವೇ ಹುಟ್ಟು ಹಾಕಿಕೊಂಡು ಹೋಗುವುದಕ್ಕೆ, ಕರೆದುಕೊಂಡು ಹೋಗ್ತೀನಿ ಅಂದಾಗ ಊರಲ್ಲಿದ್ದ ತಮ್ಮ ಫೋನಿನಲ್ಲೇ ರೇಗಿದ. "ಅಪ್ಪಗ ಎಪ್ಪತ್ತು ದಾಟ್ಯಾವ, ಹುಚ್ಚ ಹಿಡದೈತೇನು ನಿನಗ?" ಅಪ್ಪ ಕೇಳಿದ್ದು ಒಂದೇ ಮಾತು, "ಯಾವ ಹೊಳಿ?" ಮಾಂಡವಿ ಎಂದೆ. "ಅಂದ್ರ ನಮ್ಮ ಮಹದಾಯಿ. ನಡಿ ಹೋಗೂಣು."

ಮಹದಾಯಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ. ಗೋವಾಕ್ಕೆ ಇಳಿದ ಮೇಲೆ ಅದೇ ಮಾಂಡವಿ. ಮಹದಾಯಿ ಸೇರುವ ಕಳಸಾ, ಬಂಡೂರಿ ಹಳ್ಳಗಳ ನೀರು ನಮ್ಮ ಕಡೆಯ ಮಲಪ್ರಭೆಗೆ ಬರಲಿ ಅಂತ 2015ರಲ್ಲಿ ಧರಣಿ ಶುರುವಾದಾಗ ಅಪ್ಪನೂ ಪೆಂಡಾಲಿನಲ್ಲಿ ಕೂತವರು. 2018ರಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂದಿತಲ್ಲ, ಆ ಲೆಕ್ಕ ಅವರಿಗೆ ಮೊಮ್ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿದೆ. ಆದರೆ ಆ ನೀರಿಗೆ ಕೈ ಹಾಕಿದ್ದೇ ಇಲ್ಲ.

ಬೆಳಿಗ್ಗೆ ರಿಬಂದರ್‌ನಿಂದ ಫೆರಿಯಲ್ಲಿ ಚೋರಾವ್ ದ್ವೀಪಕ್ಕೆ ದಾಟಿದೆವು. ಸಲೀಂ ಅಲಿ ಪಕ್ಷಿಧಾಮ ಇರುವುದು ಇದೇ ದ್ವೀಪದ ತುದಿಯಲ್ಲಿ. ವಯಸ್ಸಾದವರ ಜೊತೆ ಹೋಗುವವರು ಬಿಸಿಲಿಗಿಂತ ಮೊದಲು ಉಬ್ಬರ ಇಳಿತದ ಹೊತ್ತು ನೋಡಿಕೊಳ್ಳಬೇಕು. ಉಬ್ಬರದಲ್ಲಿ ಒಳಗೆ ಹೋಗಿ ಇಳಿತದಲ್ಲಿ ವಾಪಸ್ ಬಂದರೆ ಅರ್ಧ ಕೆಲಸ ನೀರೇ ಮಾಡುತ್ತದೆ.

ಹುಟ್ಟು ಹಾಕುವುದು ಅಷ್ಟೇನೂ ಕಷ್ಟ ಅಲ್ಲ. ಹತ್ತುವುದು, ಇಳಿಯುವುದೇ ಕಷ್ಟ. ಮಂಡಿ ನೋವಿರುವ ಅವ್ವ ಮನೆಯಲ್ಲಿ ನೆಲದ ಮೇಲೆ ಕೂರುವುದನ್ನೇ ಬಿಟ್ಟಿದ್ದಾಳೆ. ನಮ್ಮ ಗೈಡ್, ಅಲ್ಲಿಯದೇ ಹುಡುಗ, ದೋಣಿಯನ್ನು ಮೊಣಕಾಲುದ್ದದ ನೀರಿಗೆ ತಂದು ಒತ್ತಿ ಹಿಡಿದ. ಅವ್ವ ಗದ್ದೆ ಕೆಲಸಕ್ಕೆ ಕಟ್ಟುವ ಹಾಗೆ ಸೀರೆ ಕಚ್ಚೆ ಹಾಕಿ, ಮೇಲೆ ಲೈಫ್ ಜಾಕೆಟ್ ಬಿಗಿದುಕೊಂಡಿದ್ದಳು. ಮೊದಲು ಹಿಂದಕ್ಕೆ ಕೂತಳು. ಆಮೇಲೆ ಒಂದೊಂದೇ ಕಾಲು ಎತ್ತಿ ಒಳಗಿಟ್ಟು ಉದ್ದಕ್ಕೆ ಚಾಚಿದಳು. "ಕುರ್ಚಿಗಿಂತ ಬೇಸಿ ಐತಲ್ಲ!"

"ಮೊಸಳಿ?" ಎಂದಳು ಮರುಕ್ಷಣವೇ. ಕುಂಬಾರ್ಜುವಾ ಕಾಲುವೆ ಕಡೆ ಜಾಸ್ತಿ, ಈ ಕಡೆ ಅಪರೂಪ ಅಂತ ಹುಡುಗ ಹಿಂದಿಯಲ್ಲಿ ಹೇಳಿದ. ಅಷ್ಟು ಪ್ರಾಮಾಣಿಕ ಉತ್ತರ ಬೇಕಿರಲಿಲ್ಲ. ಸ್ವಲ್ಪ ಹೊತ್ತು ಅವ್ವ ಹುಟ್ಟನ್ನು ನೀರಿಗೆ ಮುಟ್ಟಿಸಲೇ ಇಲ್ಲ.

ನಾನೂ ಅವ್ವನೂ ಒಂದು ಕಯಾಕ್, ಅಪ್ಪ ಆ ಹುಡುಗನ ಜೊತೆ ಇನ್ನೊಂದು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸಂದಿಗೆ ತಿರುಗಿದ ಕೂಡಲೇ ಗಾಳಿ ನಿಂತಿತು. ಕೆಸರಿನಿಂದ ಉಸಿರುಬೇರುಗಳು ಮೊಳೆಗಳ ಹಾಗೆ ಎದ್ದು ನಿಂತಿದ್ದವು. ಹುಡುಗ ಒಂದು ಎಲೆ ಕಿತ್ತು ಅಪ್ಪನ ಕೈಗೆ ಕೊಟ್ಟು ನೆಕ್ಕಿ ನೋಡಿ ಎಂದ. ಎಲೆಯ ಮೇಲೆ ಸಣ್ಣ ಸಣ್ಣ ಬಿಳಿ ಹರಳು. ಅಪ್ಪ ನೆಕ್ಕಿ, ಎಲೆಯನ್ನು ತಿರುಗಿಸಿ, ಇನ್ನೊಂದು ಸಲ ನೆಕ್ಕಿದರು. "ಉಪ್ಪು! ಗಿಡಾನ ಹೊರಗ ಹಾಕತೈತೇನು?" ಹೌದು, ಬೇರಿನಿಂದ ಬಂದ ಉಪ್ಪನ್ನು ಈ ಗಿಡ ಎಲೆಯಿಂದ ಹೊರಗೆ ಬಿಡುತ್ತದೆ. ಕಾಲುವೆ ನೀರು ನಿಂತು ನಿಂತು ನಮ್ಮ ಎರೆ ಹೊಲದ ಒಂದು ಮೂಲೆ ಸವಳು ಹಿಡಿದು ವರ್ಷಗಳೇ ಆಗಿವೆ. ಅಪ್ಪ ಆ ಎಲೆಯನ್ನು ಅಂಗಿ ಜೇಬಿಗೆ ಹಾಕಿಕೊಂಡರು.

ಅಲ್ಲಿಂದ ಮುಂದೆ ನಡೆದದ್ದು ಸಣ್ಣ ನ್ಯಾಯಮಂಡಳಿಯೇ. ಇಷ್ಟು ನೀರು ಸುಮ್ನೆ ಸಮುದ್ರಕ್ಕೆ ಹೋಗ್ತದಲ್ಲ ಅಂತ ಅಪ್ಪ ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಶುರು ಮಾಡಿದರು. ಸುಮ್ನೆ ಹೋಗಲ್ಲ ಅಂಕಲ್, ಮೇಲಿಂದ ಸಿಹಿನೀರು ಕಮ್ಮಿಯಾದರೆ ಉಪ್ಪುನೀರು ಇನ್ನೂ ಒಳಗೆ ಬರುತ್ತೆ, ನಮ್ಮ ಮೀನು, ನಮ್ಮ ಗದ್ದೆ ಏನಾಗಬೇಕು ಅಂತ ಹುಡುಗ. ನಮಗ ಕುಡಿಯಾಕ ನೀರಿಲ್ಲೋ ಅಂತ ಅಪ್ಪ. ವಾದ ಏರಿದಂತೆ ಹುಟ್ಟೂ ಜೋರಾಯಿತು. ಅವರ ದೋಣಿ ನಮ್ಮನ್ನು ಬಿಟ್ಟು ಎಲ್ಲೋ ಮುಂದೆ ಹೋಯಿತು. "ಅವರನ ಹಿಡಿ, ಇಲ್ಲಾಂದ್ರ ಹುಡುಗನ ನೀರಿಗೆ ಕೆಡವತಾರ" ಅಂತ ಅವ್ವ ಮೊದಲ ಸಲ ಹುಟ್ಟು ಹಾಕಿದಳು. ನನಗಿಂತ ಹದವಾಗಿ, ಬಲಕ್ಕೊಮ್ಮೆ ಎಡಕ್ಕೊಮ್ಮೆ. ತಲೆ ಮೇಲೆ ಮಿಂಚುಳ್ಳಿ ಕೂಗಿಕೊಂಡು ಹೋಯಿತು. ಅವ್ವ ತಲೆ ಎತ್ತಲಿಲ್ಲ.

ನಾವು ಮುಟ್ಟುವ ಹೊತ್ತಿಗೆ ಜಗಳ ಮುಗಿದಿತ್ತು. ಹುಡುಗ ಒಡ್ಡಿನ ಆಚೆಯ ಖಜಾನ್ ಗದ್ದೆಗಳನ್ನು ತೋರಿಸುತ್ತಿದ್ದ. ಒಡ್ಡು ಕಟ್ಟಿ, ಬಾಗಿಲಿಟ್ಟು ಉಪ್ಪುನೀರನ್ನು ತಡೆಯುತ್ತಾರೆ. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದ ಮೇಲೆ ಕೊರ್ಗುಟ್ ಅನ್ನುವ ಭತ್ತ ಹಾಕುತ್ತಾರೆ. ಅದು ಉಪ್ಪಿಗೆ ಬಗ್ಗುವ ತಳಿ ಅಲ್ಲ. ಯಾರಿಗೆ ಎಷ್ಟು ಟಿಎಂಸಿ ಅನ್ನುವುದು ಅಲ್ಲಿಗೇ ಬಿದ್ದುಹೋಯಿತು. ಎಕರೆಗೆ ಎಷ್ಟು ಚೀಲ, ಬಾಗಿಲು ಯಾರು ತೆಗೀತಾರೆ, ಕೂಲಿ ಎಷ್ಟು, ಅಪ್ಪನ ಪ್ರಶ್ನೆಗಳು ಮುಗಿಯಲಿಲ್ಲ.

ಇಳಿಯುವಾಗ ಅವ್ವನನ್ನು ಇಬ್ಬರು ಹಿಡಿದು ಎತ್ತಬೇಕಾಯಿತು. ರಾತ್ರಿ ಇಬ್ಬರಿಗೂ ರಟ್ಟೆ ನೋವು, ಮನೆ ತುಂಬ ಮುಲಾಮಿನ ವಾಸನೆ. ತಮ್ಮ ಫೋನ್ ಮಾಡಿದಾಗ ಅಪ್ಪ ಕಯಾಕಿನ ಸುದ್ದಿಯನ್ನೇ ಎತ್ತಲಿಲ್ಲ. "ಆ ಸವಳು ಹಿಡದ ಮೂಲಿ ಐತಲ್ಲ, ಅದನ್ನ ಹಂಗ ಬಿಡು. ಒಂದು ಭತ್ತದ ಬೀಜ ಸಿಗತೈತೇನು ನೋಡಾಕತ್ತೀನಿ" ಎಂದರು.