ಹೊಗೆ ಎಲ್ಲಿಗೆ ಹೋಗ್ತಿತ್ತು?

ಕಳೆದ ಶನಿವಾರ ಭಾವನವರನ್ನು ಆಲ್‌ಫ್ರಿಸ್ಟನ್‌ಗೆ ಕರೆದುಕೊಂಡು ಹೋಗಿದ್ದೆವು. ಇಂಗ್ಲೆಂಡಿನ ಸಸೆಕ್ಸ್‌ನ ಕಕ್‌ಮಿಯರ್ ನದಿ ಪಕ್ಕದ ಹಳ್ಳಿ. ಕೋಟೆ, ಅರಮನೆ ಅಂದುಕೊಂಡು ಬಂದವರಿಗೆ ನಾವು ತೋರಿಸಿದ್ದು ಹುಲ್ಲಿನ ಸೂರಿನ ಪಾದ್ರಿ ಮನೆ, ಕ್ಲರ್ಜಿ ಹೌಸ್. ಬೆಂಗಳೂರಿನಲ್ಲಿ ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರು ಅವರು. "ಇದನ್ನ ನೋಡೋಕೆ ಟಿಕೆಟ್ಟಾ?" ಅಂದರು.

ಒಳಗೆ ಕಾಲಿಟ್ಟಮೇಲೆ ಬಾಯಿ ಮುಚ್ಚಿತು. ನಡುಮನೆಗೆ ಅಟ್ಟವೇ ಇಲ್ಲ, ನೆಲದಿಂದ ಪಕಾಸಿಯವರೆಗೂ ಖಾಲಿ. ಎರಡು ತುದಿಗೆ ಮಾತ್ರ ಮಹಡಿ. ಆ ಮಹಡಿಗಳು ಮುಂದಕ್ಕೆ ಚಾಚಿಕೊಂಡಿರುವುದರಿಂದ ಹೊರಗಿನಿಂದ ನೋಡಿದರೆ ಮನೆಯ ನಡುಭಾಗ ಹಿಂದೆ ಸರಿದು ನಿಂತಂತಿದೆ. ಎಲ್ಲಕ್ಕೂ ಸೇರಿ ಒಂದೇ ಸೂರು. ಇಂಥವಕ್ಕೆ ವೀಲ್ಡನ್ ಮನೆ ಅನ್ನುತ್ತಾರೆ. ನೆಲ ಸೀಮೆಸುಣ್ಣದ ಕಲ್ಲನ್ನು ಕುಟ್ಟಿ, ಹುಳಿ ಹಾಲು ಹೊಯ್ದು ಗಟ್ಟಿ ಮಾಡಿದ್ದು. ಭಾವ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳಿನಿಂದ ಉಜ್ಜಿ, ಮೂಸಿಯೂ ನೋಡಿದರು! ನನಗೆ ನಾಚಿಕೆ, ಅಲ್ಲಿದ್ದ ಸ್ವಯಂಸೇವಕಿ ಅಜ್ಜಿಗೆ ಖುಷಿ.

"ಒಲೆ ನಡುಮಧ್ಯ ಇತ್ತು ಅಂತೀರಿ, ಆಗ ಚಿಮಣಿ ಇರಲಿಲ್ಲ ಅಂತೀರಿ. ಹೊಗೆ ಎಲ್ಲಿಗೆ ಹೋಗ್ತಿತ್ತು?" ಭಾವ ಕೇಳಿದರು.

ಅಜ್ಜಿ ಮೇಲೆ ನೋಡಿ ಅಂದರು: "ಅದಕ್ಕೇನೂ ಅವಸರ ಇರ್ತಿರಲಿಲ್ಲ."

ಗಾಜಿಲ್ಲದ ಕಿಟಕಿಯಿಂದ ಒಂದಿಷ್ಟು, ಹುಲ್ಲಿನ ಸಂದಿಯಿಂದ ಒಂದಿಷ್ಟು, ಮಿಕ್ಕಿದ್ದು ಮನೆಯವರ ಕಣ್ಣಿಗೆ. ಅವಸರ ಇರ್ತಿರಲಿಲ್ಲವಂತೆ! ವಾರವಿಡೀ ಪಾತ್ರೆ ತೊಳೆಯುವಾಗಲೂ ಅದೇ ಮಾತು ನೆನಪಾಗಿ ನಗು ಬರುತ್ತಿದೆ.

ಆದರೆ ಆ ಕೆಮ್ಮು ಯಾರದ್ದು? 14ನೇ ಶತಮಾನದಲ್ಲಿ ಇದನ್ನು ಕಟ್ಟಿಸಿದವನು ರೈತ ಎನ್ನುತ್ತಾರೆ. ಆಮೇಲೆ ಚರ್ಚಿನ ಪಾಲಾಯಿತು. 19ನೇ ಶತಮಾನದ ಹೊತ್ತಿಗೆ ಪಾದ್ರಿಗಳಿಗೆ ಇದು ಲಾಯಕ್ಕಾಗಲಿಲ್ಲ, ಕೂಲಿಯವರು ಬಾಡಿಗೆಗಿದ್ದರು. ಬೀಳಿಸಿಬಿಡೋಣ ಎಂಬಲ್ಲಿಗೂ ಮಾತು ಬಂದಿತ್ತು. ಊರ ಚರ್ಚಿನ ಪಾದ್ರಿ (ವಿಕಾರ್) ಬೇನನ್ ಹಟ ಹಿಡಿದು ಅವರಿವರಿಗೆ ಮೊರೆಯಿಟ್ಟರು. ಕೊನೆಗೆ 1896ರಲ್ಲಿ, ಹಳೇ ಕಟ್ಟಡ, ಜಾಗಗಳನ್ನು ಕಾಪಾಡುವ, ಹುಟ್ಟಿ ಒಂದು ವರ್ಷವಾಗಿದ್ದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 10 ಪೌಂಡಿಗೆ ಕೊಂಡಿತು. ಅದು ಕೊಂಡ ಮೊದಲ ಕಟ್ಟಡ ಇದೇ.

"ಹತ್ತೇ ಪೌಂಡಾ?" ಭಾವನಿಗೆ ಹೊಟ್ಟೆ ಉರಿಯಿತು. ಪುಣ್ಯಾತ್ಮರಿಗೆ ಎಲ್ಲವೂ ರೇಟೇ. ರಿಪೇರಿಗೆ ನೂರಾರು ಪೌಂಡು ಹೊಂದಿಸಬೇಕಾಗಿತ್ತು ಎಂದು ಕೇಳಿದ ಮೇಲೆಯೇ ಸಮಾಧಾನ.

ಬೇನನ್ ಬಗ್ಗೆ ನನಗೆ ಗೌರವವಿದೆ. ತನ್ನ ಮೇಲಿನವರಿಗೇ ಬೇಡವಾದ ಮನೆಗೆ ಅಷ್ಟು ಓಡಾಡಿದ ಮನುಷ್ಯ. ಆದರೂ ಹೆಸರಿನ ವಿಷಯದಲ್ಲಿ ನನ್ನ ತಕರಾರಿದೆ. ಕಟ್ಟಿಸಿದ್ದು ರೈತ, ಬೀಳುವ ಕಾಲಕ್ಕೆ ಒಳಗಿದ್ದು ಒಲೆ ಹಚ್ಚಿದ್ದು ಕೂಲಿಯವರು. ಫಲಕದ ಮೇಲೆ ಮಾತ್ರ, ಸಾಕೆಂದು ಬಿಟ್ಟುಹೋದ ಪಾದ್ರಿಗಳು.