ಸವೆದು ಹೋದ ಬ್ರೇಕ್ ಪ್ಯಾಡ್

ಕಾರಿನ ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ಇವತ್ತು ಮನೆಯಲ್ಲೇ ಬದಲಿಸಿದೆ. ಬ್ರೇಕ್ ಒತ್ತಿದಾಗಲೆಲ್ಲ ಕಿರ್ ಎನ್ನುವ ಸದ್ದು ಬರುತ್ತಿತ್ತು. ಪ್ಯಾಡ್ ತೀರಾ ತೆಳುವಾದಾಗ ಚಕ್ರದ ಜೊತೆ ತಿರುಗುವ ಡಿಸ್ಕ್‌ಗೆ ತಾಗಿ ಕೂಗಲಿ ಅಂತಲೇ ಅದರಲ್ಲಿ ಒಂದು ಪುಟ್ಟ ತಗಡಿನ ಪಟ್ಟಿ ಇಟ್ಟಿರುತ್ತಾರೆ. ಎಂಥ ಸರಳ ಉಪಾಯ ಅಲ್ವಾ?

ಹಳೇದನ್ನು ಹೊಸದರ ಪಕ್ಕ ಇಟ್ಟು ತುಂಬಾ ಹೊತ್ತು ನೋಡಿದೆ. ಹೊಸದರಲ್ಲಿ ಸುಮಾರು 10 ಮಿ.ಮೀ. ದಪ್ಪದ ಲೈನಿಂಗ್, ಅಂದರೆ ಉಜ್ಜಿ ಸವೆಯುವ ಪದರ. ಹಳೇದರಲ್ಲಿ 3 ಮಿ.ಮೀ. ಕೂಡ ಉಳಿದಿರಲಿಲ್ಲ. ಡಿಸ್ಕ್‌ನ ಒಳಬದಿಯ ಪ್ಯಾಡಂತೂ ಹೊರಬದಿಯದಕ್ಕಿಂತ ಜಾಸ್ತಿ ಸವೆದಿತ್ತು. ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್‌ನಲ್ಲಿ ಗ್ರೀಸ್ ಒಣಗಿ ಕಪ್ಪಗೆ ಅಂಟಿಕೊಂಡಿತ್ತು, ಕಾರಣ ಅದೇ. ಒರೆಸಿ, ಬ್ರೇಕ್‌ಗೆಂದೇ ಇರುವ ಗ್ರೀಸ್ ಹಚ್ಚಿದ ಮೇಲೆ ಬೆರಳಲ್ಲಿ ತಳ್ಳಿದರೂ ಸಲೀಸಾಗಿ ಸರಿಯಿತು. ಆ ಖುಷಿಯೇ ಬೇರೆ!

ವೇಗ ಎರಡು ಪಟ್ಟಾದರೆ ಗಾಡಿ ನಿಲ್ಲಿಸಲು ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದೆಲ್ಲ ಬಿಸಿಯಾಗಿ ಬದಲಾಗುತ್ತದೆ, ಅಷ್ಟೂ ಬಿಸಿಯನ್ನು ಮೊದಲು ತಡೆದುಕೊಳ್ಳುವುದು ಡಿಸ್ಕ್ ಮತ್ತು ಈ ಪುಟ್ಟ ತುಂಡುಗಳು. ಇಳಿಜಾರಲ್ಲಿ, ಮಳೆಯಲ್ಲಿ, ಯಾರೋ ದಿಢೀರನೆ ಅಡ್ಡ ಬಂದಾಗ, ಪ್ರತಿ ಸಲವೂ ಚೂರುಚೂರೇ ಸವೆದು ನಮ್ಮನ್ನು ನಿಲ್ಲಿಸಿವೆ. ಹಳೇದನ್ನು ಸುಮ್ನೆ ಎಸೆಯಲು ಮನಸ್ಸೇ ಬರಲಿಲ್ಲ.

ನೀವೂ ಮಾಡುವುದಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಕ್ಯಾಲಿಪರನ್ನು ಬ್ರೇಕ್ ಎಣ್ಣೆಯ ಹೋಸ್‌ನಲ್ಲಿ ನೇತಾಡಲು ಬಿಡಬೇಡಿ. ಎಡಕ್ಕೊಂದು ಬದಲಿಸಿದರೆ ಬಲಕ್ಕೂ ಬದಲಿಸಿ. ದಪ್ಪನೆಯ ಹೊಸ ಪ್ಯಾಡ್ ಕೂರಿಸಲು, ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತೀರಲ್ಲ, ಹಾಗಾಗಿ ಮೊದಲ ಸಲ ಪೆಡಲ್ ತಳಕ್ಕೇ ಹೋಗುತ್ತದೆ. ಗಾಡಿ ಕದಲಿಸುವ ಮುಂಚೆ ಅದು ಗಟ್ಟಿಯಾಗುವವರೆಗೂ ಒತ್ತುತ್ತಾ ಇರಿ.