ದರ್ಪಣಸುಂದರಿಯ ಚಿತ್ರ: ತಿದ್ದುವ ಕೆಲಸ ಎಲ್ಲಿಗೆ ಬಂತು

ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯನ್ನು, ಅಂದರೆ ಕನ್ನಡಿ ಹಿಡಿದ ಮದನಿಕೆಯ ಶಿಲ್ಪವನ್ನು, ಪಕ್ಕದಿಂದ ತೆಗೆದ ಚಿತ್ರವೊಂದನ್ನು ಎ3 ಅಳತೆಯ ಮುದ್ರಣಕ್ಕೆ ಸಿದ್ಧಪಡಿಸುವ ಕೆಲಸ ಅರ್ಧಕ್ಕಿಂತ ಮುಂದೆ ಸಾಗಿದೆ. ಮದನಿಕೆಯರ ವಿಗ್ರಹಗಳು ಸೂರಿನ ಕೆಳಗೆ ಓರೆಯಾಗಿ ನಿಂತಿರುವುದರಿಂದ ಹಗಲಿನಲ್ಲೂ ಬಹುಪಾಲು ನೆರಳಿನಲ್ಲೇ ಇರುತ್ತವೆ. ನನ್ನ ಚಿತ್ರದಲ್ಲಿ ಒಂದು ಬದಿಗೆ ಕಣ್ಣು ಕುಕ್ಕುವ ಆಕಾಶವಿದ್ದು, ಇನ್ನೊಂದು ಬದಿಗೆ ಕೆತ್ತನೆಯೇ ಕಾಣದಷ್ಟು ಕಪ್ಪಾದ ಕಲ್ಲಿದೆ.

ಕ್ಯಾಮೆರಾದ ಮೂಲ ರಾ ಫೈಲನ್ನು ಡಾರ್ಕ್‌ಟೇಬಲ್ ತಂತ್ರಾಂಶದಲ್ಲಿ ತೆರೆದು ವೈಟ್ ಬ್ಯಾಲೆನ್ಸ್ (ಬಣ್ಣಗಳ ಸಮತೋಲ) ಹೊಂದಿಸಿ, ನಾಯ್ಸ್ (ಚುಕ್ಕೆಚುಕ್ಕೆಯಾದ ಒರಟುತನ) ತಗ್ಗಿಸಿ, ಬಣ್ಣದ ಸೂಕ್ಷ್ಮ ಹಂತಗಳು ಉಳಿಯುವ 16 ಬಿಟ್ ಟಿಫ್ ಫೈಲ್ ಆಗಿ, ಚಿತ್ರ ತಿದ್ದುವ ಗಿಂಪ್ ತಂತ್ರಾಂಶಕ್ಕೆ ತಂದುಕೊಂಡಿದ್ದೇನೆ. ನೆರಳಿಗೆ ಬೆಳಕು ಕೊಡುವುದು ಆಕಾಶವಾದ್ದರಿಂದ ಕಲ್ಲಿಗೆ ನೀಲಿ ಛಾಯೆ ಬಂದಿತ್ತು. ಅದನ್ನು ತೆಗೆಯಬೇಕು ನಿಜ, ಆದರೆ ಬಳಪದ ಕಲ್ಲಿನ ಹಸಿರುಮಿಶ್ರಿತ ಬೂದು ಬಣ್ಣ ಉಳಿಯುವಷ್ಟಕ್ಕೇ ನಿಲ್ಲಿಸಬೇಕು. ಇಂಥ ಶಿಲ್ಪಗಳನ್ನು ಹೊಂಬಣ್ಣಕ್ಕೆ ತಿರುಗಿಸಿದ ಚಿತ್ರಗಳು ಎಷ್ಟೇ ಆಕರ್ಷಕವಾಗಿರಲಿ, ಅವುಗಳಲ್ಲಿ ಕಾಣುವುದು ಬೇಲೂರಿನ ಕಲ್ಲಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಮಾಸ್ಕ್, ಅಂದರೆ ತಿದ್ದುಪಡಿ ಚಿತ್ರದ ಯಾವ ಭಾಗಕ್ಕೆ ತಾಗಬೇಕೆಂದು ಗೊತ್ತುಮಾಡುವ ಮರೆ. ಬಳಪದ ಕಲ್ಲು ಉಳಿಗೆ ಸುಲಭವಾಗಿ ಬಗ್ಗುವುದರಿಂದ ಹೊಯ್ಸಳ ಶಿಲ್ಪಿಗಳು ಬಳ್ಳಿಯ ಎಲೆಗಳನ್ನೂ ಆಭರಣದ ಎಳೆಗಳನ್ನೂ ಹಿನ್ನೆಲೆಯಿಂದ ಬಿಡಿಸಿ ಕೊರೆದಿದ್ದಾರೆ. ಆ ಸಂದುಗಳಲ್ಲೆಲ್ಲ ಆಕಾಶ ಇಣುಕುತ್ತದೆ. ಕೈಯಿಂದ ಅಂಚು ಬಿಡಿಸುವ ಬದಲು, ಆಕಾಶ ಮತ್ತು ಕಲ್ಲಿನ ನಡುವಿನ ಅಂತರ ಅತಿ ಹೆಚ್ಚಾಗಿ ಕಾಣುವ ನೀಲಿ ಚಾನೆಲ್‌ನ (ಚಿತ್ರದಲ್ಲಿನ ನೀಲಿ ಬಣ್ಣದ ಪಾಲಿನ) ನಕಲು ತೆಗೆದು, ಆಕಾಶ ಪೂರ್ತಿ ಬಿಳಿಯಾಗಿ ಕಲ್ಲು ಪೂರ್ತಿ ಕಪ್ಪಾಗುವವರೆಗೆ ಲೆವೆಲ್ಸ್‌ನ (ಕಪ್ಪು ಬಿಳುಪಿನ ಮಿತಿ ಹೊಂದಿಸುವ ಸಾಧನದ) ತುದಿಗಳನ್ನು ಹತ್ತಿರ ತಂದು, ಅದನ್ನೇ ಲೇಯರ್ (ಚಿತ್ರದ ಮೇಲೆ ಹಾಸುವ ಪದರ) ಒಂದರ ಮಾಸ್ಕ್ ಮಾಡಿಕೊಂಡೆ. ಮಾಸ್ಕ್‌ನಲ್ಲಿ ಬಿಳಿ ಇದ್ದ ಕಡೆ ಲೇಯರ್ ಕಾಣುತ್ತದೆ, ಕಪ್ಪು ಇದ್ದ ಕಡೆ ಮರೆಯಾಗುತ್ತದೆ. ಹೀಗಾಗಿ ಆಕಾಶವನ್ನು ತಗ್ಗಿಸುವ ಲೇಯರ್‌ಗೆ ಈ ಮಾಸ್ಕನ್ನೂ, ಕಲ್ಲಿನ ನೆರಳನ್ನು ಎತ್ತುವ ಲೇಯರ್‌ಗೆ ಇದರ ತಲೆಕೆಳಗಾದ ರೂಪವನ್ನೂ ಕೊಟ್ಟರೆ ಒಂದೇ ದುಡಿಮೆಯಿಂದ ಎರಡು ಕೆಲಸ ನಡೆಯುತ್ತವೆ. ಬೇರೊಂದು ನೀಲಿ ಆಕಾಶವನ್ನು ತಂದು ಅಂಟಿಸಬಹುದಲ್ಲ ಎಂದವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ.

ನೆರಳು ಎತ್ತಿದ್ದು, ವಕ್ರರೇಖೆಯನ್ನು ಬಗ್ಗಿಸಿ ಬೆಳಕು ಹೊಂದಿಸುವ ಕರ್ವ್ಸ್ ಫಿಲ್ಟರ್‌ನಿಂದ. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0ರಲ್ಲಿ ಫಿಲ್ಟರ್ ಹಾಕಿದ ಮೇಲೂ ಅದು ಲೇಯರ್‌ನ ಜೊತೆಗೇ ಉಳಿಯುವುದರಿಂದ, ಮರುದಿನ ಹೊಸ ಕಣ್ಣಿನಿಂದ ನೋಡಿ ವಕ್ರರೇಖೆಯನ್ನು ಮತ್ತೆ ಇಳಿಸಲು ಸಾಧ್ಯವಾಯಿತು. ಹಿಂದಿನ ಆವೃತ್ತಿಗಳಲ್ಲಿ ಇಂಥ ಪ್ರತಿ ಬದಲಾವಣೆಗೂ ಮುನ್ನ ಲೇಯರ್‌ನ ನಕಲು ಇಟ್ಟುಕೊಳ್ಳಬೇಕಾಗುತ್ತಿತ್ತು.

ಈಗ ಶಾರ್ಪ್ ಮಾಡುವ ಹಂತ ನಡೆದಿದೆ. ಚಿತ್ರದ ನಕಲನ್ನು ಕಪ್ಪುಬಿಳುಪಾಗಿಸಿ ಹೈ ಪಾಸ್ ಫಿಲ್ಟರ್ ಹಾಕಿದರೆ ಬೂದುಬಣ್ಣದ ಮೇಲೆ ಅಂಚುಗಳಷ್ಟೇ ಉಳಿಯುತ್ತವೆ. ಅದನ್ನು, ಕೆಳಗಿನ ಚಿತ್ರದೊಂದಿಗೆ ಬೆರೆಸುವ ಬಗೆಗಳಲ್ಲೊಂದಾದ ಸಾಫ್ಟ್ ಲೈಟ್ ಮೋಡ್‌ಗೆ ತಿರುಗಿಸಿದಾಗ ಬೂದು ಮಾಯವಾಗಿ ಕೆತ್ತನೆಯ ಗೆರೆಗಳು ಎದ್ದು ಬರುತ್ತವೆ. ಕಪ್ಪುಬಿಳುಪು ಮಾಡದಿದ್ದರೆ ಅಂಚಿನ ಬಣ್ಣವೂ ಗಾಢವಾಗುತ್ತದೆ. ಈ ಲೇಯರ್ ಬೇಕಿರುವುದು ಆಭರಣ, ಬಳ್ಳಿ ಮತ್ತು ಕನ್ನಡಿಯ ಚೌಕಟ್ಟಿಗೆ ಮಾತ್ರ. ಕೆನ್ನೆ, ತೋಳುಗಳಂಥ ನಯವಾದ ಭಾಗಗಳ ಮೇಲೂ ಬಿಟ್ಟರೆ ನೆರಳಿನಿಂದ ಎತ್ತಿದ ನಾಯ್ಸ್ ಎಲ್ಲ ಒರಟಾಗಿ ತೇಲುತ್ತದೆ. ಅಲ್ಲಿ ಮಾಸ್ಕ್ ಮೇಲೆ ಮೆತ್ತನೆಯ ಕಪ್ಪು ಬ್ರಷ್ ಆಡಿಸುತ್ತಿದ್ದೇನೆ.

ಬಳ್ಳಿಯ ತುದಿಗಳಲ್ಲಿ ಆಕಾಶಕ್ಕೆ ತಾಗಿ ತೆಳುವಾದ ನೇರಳೆ ಅಂಚು ಇನ್ನೂ ಉಳಿದಿದೆ. ಅದಕ್ಕೆ ಮೇಲೊಂದು ಲೇಯರ್ ಇಟ್ಟು, ಎಲ್‌ಸಿಎಚ್ ಕಲರ್ ಮೋಡ್‌ನಲ್ಲಿ ಕಲ್ಲಿನದೇ ಬಣ್ಣವನ್ನು ಬಳಿಯುವುದು ಮುಂದಿನ ಕೆಲಸ. ಹೊಳಪು ಹಾಗೇ ಇದ್ದು ಬಣ್ಣ ಮಾತ್ರ ಬದಲಾಗುತ್ತದೆ. ಆಮೇಲೆ ಅಂಚು ಕತ್ತರಿಸಬೇಕು. ಇಂಚಿಗೆ 300 ಚುಕ್ಕೆಗಳಂತೆ ಎ3 ಹಾಳೆಗೆ 3508×4961 ಪಿಕ್ಸೆಲ್ ಸಾಕು. ನನ್ನ ಚಿತ್ರ 4000×6000 ಇದ್ದರೂ ಹಾಳೆಗಿಂತ ಉದ್ದನೆಯ ಪ್ರಮಾಣದ್ದಾದ್ದರಿಂದ ಎತ್ತರದಲ್ಲಿ ಸುಮಾರು 343 ಪಿಕ್ಸೆಲ್ ಹೋಗಲೇಬೇಕು. ಮೇಲಿನ ಬಳ್ಳಿಯ ಕಮಾನನ್ನು ಮುಟ್ಟದೆ, ಕಾಲಿನ ಕೆಳಗಿನ ಖಾಲಿ ಗೋಡೆಯಲ್ಲೇ ಅಷ್ಟನ್ನೂ ತೆಗೆಯಲು ಗುರುತು ಹಾಕಿಟ್ಟಿದ್ದೇನೆ.